ಹಲ್ಲಿನ ಭಯಕ್ಕೆ ಮಾತ್ರೆ: ಒಂದು ವಿಮರ್ಶೆ

ಹಲ್ಲುನೋವಿನಿಂದ ರಾತ್ರಿಯಿಡೀ ನಿದ್ದೆಗೆಟ್ಟರೂ ದಂತವೈದ್ಯರ ಬಳಿಗೆ ಹೋಗಲು ಒಪ್ಪದವರನ್ನು ನೀವು ಕಂಡಿರುತ್ತೀರಿ. ಲವಂಗದೆಣ್ಣೆ ಹಚ್ಚಿ, ಉಪ್ಪುನೀರು ಮುಕ್ಕಳಿಸಿ, ನೋವಿನ ಮಾತ್ರೆ ನುಂಗಿ ಅವರು ದಿನ ದೂಡುತ್ತಾರೆ. ಹಲ್ಲಿನ ಹುಳುಕು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಒಂದೇ ಭೇಟಿಯಲ್ಲಿ ತುಂಬಿಸಬಹುದಾಗಿದ್ದ ಕುಳಿ ಹಲ್ಲಿನ ತಿರುಳಿನವರೆಗೆ ಇಳಿಯುತ್ತದೆ. ಆಗ ರೂಟ್ ಕೆನಾಲ್ ಚಿಕಿತ್ಸೆ ಬೇಕಾಗುತ್ತದೆ. ಅದನ್ನೂ ಮುಂದೂಡಿದರೆ ಹಲ್ಲನ್ನೇ ಕೀಳಬೇಕಾಗುತ್ತದೆ. ತಡವಾದಷ್ಟೂ ಚಿಕಿತ್ಸೆ ದೊಡ್ಡದು, ಚಿಕಿತ್ಸೆ ದೊಡ್ಡದಾದಷ್ಟೂ ಭಯ ಹೆಚ್ಚು, ಭಯ ಹೆಚ್ಚಿದಷ್ಟೂ ಮತ್ತಷ್ಟು ತಡ. ಈ ವಿಷವರ್ತುಲವನ್ನು ಎಲ್ಲಾದರೂ ಒಂದು ಕಡೆ ಮುರಿಯಲೇಬೇಕು.

ಅದನ್ನು ಮುರಿಯಲು ದಂತವೈದ್ಯರು ಬಳಸುವ ಉಪಾಯಗಳಲ್ಲಿ ಒಂದು, ಚಿಕಿತ್ಸೆಗೆ ಮೊದಲು ಬಾಯಿಯ ಮೂಲಕ ಶಾಮಕ ಔಷಧಿ ನೀಡುವುದು. ಅಮೆರಿಕದಲ್ಲಿ ಕಳೆದ ಎರಡು ಮೂರು ದಶಕಗಳಿಂದ ಇದು ಬಹಳ ಪ್ರಚಾರದಲ್ಲಿದೆ. ‘ಸೆಡೇಷನ್ ಡೆಂಟಿಸ್ಟ್ರಿ’ ಎಂಬ ಹೆಸರು ಸಾಲದೆಂದು ‘ಸ್ಲೀಪ್ ಡೆಂಟಿಸ್ಟ್ರಿ’, ಅಂದರೆ ‘ನಿದ್ದೆಯ ದಂತಚಿಕಿತ್ಸೆ’ ಎಂಬ ಹೆಸರೂ ಚಾಲ್ತಿಗೆ ಬಂದಿದೆ. ಸೂಜಿಯಿಲ್ಲ, ಯಂತ್ರವಿಲ್ಲ, ಒಂದು ಮಾತ್ರೆ ನುಂಗಿದರೆ ಆಯಿತು, ಭಯ ಮಾಯ ಎಂಬ ಭಾವನೆಯನ್ನು ಈ ಹೆಸರು ಮೂಡಿಸುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಾನು ಭೌತಶಾಸ್ತ್ರದ ಅಧ್ಯಾಪಕ, ವೈದ್ಯನಲ್ಲ. ಯಾವ ರೋಗಿಗೆ ಯಾವ ಔಷಧಿ ಎಂಬುದು ನನ್ನ ಪ್ರಶ್ನೆಯಲ್ಲ. ಆದರೆ ಭಯವನ್ನು ಅಳೆಯುವುದು ಹೇಗೆ, ಔಷಧಿಯ ಪರಿಣಾಮ ಕಾಲದೊಡನೆ ಹೇಗೆ ಬದಲಾಗುತ್ತದೆ, ಅದನ್ನು ನಿಯಂತ್ರಿಸುವುದು ಸಾಧ್ಯವೇ ಎಂಬ ಮೂರು ಪ್ರಶ್ನೆಗಳು ಅಳತೆ, ಕಾಲ ಮತ್ತು ನಿಯಂತ್ರಣಕ್ಕೆ ಸಂಬಂಧಿಸಿದವು. ಈ ಮೂರನ್ನೂ ನಾವು ತರಗತಿಯಲ್ಲಿ ಪ್ರತಿನಿತ್ಯ ಪಾಠ ಮಾಡುತ್ತೇವೆ. ಆದ್ದರಿಂದ ನೀವೂ ನಿಮ್ಮ ವಿದ್ಯಾರ್ಥಿಗಳೂ ಈ ಪರಿಶೀಲನೆಯಲ್ಲಿ ಭಾಗವಹಿಸಬಹುದು.

ಶಾಮಕ ಎಂದರೇನು?

ಮೊದಲು ಎರಡು ಪದಗಳನ್ನು ಬೇರೆ ಬೇರೆ ಇಡೋಣ. ಅರಿವಳಿಕೆ ನೋವನ್ನು ತಡೆಯುತ್ತದೆ. ಶಾಮಕ ಕಳವಳವನ್ನು ಇಳಿಸುತ್ತದೆ. ಹಲ್ಲು ಕೀಳುವಾಗ ನೋವಾಗದಂತೆ ತಡೆಯುವುದು ಒಸಡಿಗೆ ಚುಚ್ಚುವ ಲಿಡೊಕೇನ್‌ನಂಥ ಸ್ಥಾನಿಕ ಅರಿವಳಿಕೆ. ಸ್ವೀಡನ್ನಿನಲ್ಲಿ 1943ರಲ್ಲಿ ನಿಲ್ಸ್ ಲೋಫ್‌ಗ್ರೆನ್ ಇದನ್ನು ಸಂಶ್ಲೇಷಿಸಿದರು. ಶಾಮಕದ ಮಾತ್ರೆ ನುಂಗಿದವರಿಗೂ ಈ ಚುಚ್ಚುಮದ್ದು ಬೇಕೇ ಬೇಕು. ಆದ್ದರಿಂದ ‘ಸೂಜಿಯಿಲ್ಲದ ಚಿಕಿತ್ಸೆ’ ಎಂಬ ಮಾತು ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಸೂಜಿ ಇರುತ್ತದೆ, ಅದರ ಬಗ್ಗೆ ರೋಗಿಗೆ ಅಷ್ಟಾಗಿ ಚಿಂತೆಯಿರುವುದಿಲ್ಲ, ಅಷ್ಟೆ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಶಾಮಕಗಳು ಬೆಂಜೊಡಯಜೆಪಿನ್ ಗುಂಪಿಗೆ ಸೇರಿದವು. ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನವಿಜ್ಞಾನಿಯ ಪ್ರಯೋಗಾಲಯದಿಂದ ಬಂದ ಕ್ಲೋರ್‌ಡಯಜೆಪಾಕ್ಸೈಡ್ 1960ರಲ್ಲಿ, ಡಯಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂದವು. ಮಿಡಜೋಲಾಮ್, ಟ್ರಯಜೋಲಾಮ್‌ಗಳು ಅದೇ ಕುಟುಂಬದ ಮುಂದಿನ ಸದಸ್ಯರು. ಮಿದುಳಿನಲ್ಲಿ ಗಾಬಾ ಎಂಬ ನರವಾಹಕವಿದೆ. ಅದು ನರಕೋಶದ ಮೇಲಿರುವ ತನ್ನ ಗ್ರಾಹಿಗೆ ಅಂಟಿಕೊಂಡಾಗ ಕ್ಲೋರೈಡ್ ಅಯಾನುಗಳ ಬಾಗಿಲು ತೆರೆಯುತ್ತದೆ. ಋಣ ಆವೇಶದ ಈ ಅಯಾನುಗಳು ಒಳಹೊಕ್ಕಾಗ ಕೋಶದ ಒಳಗಿನ ವಿಭವ ಇನ್ನಷ್ಟು ಇಳಿದು, ಆ ಕೋಶ ಸುಲಭವಾಗಿ ಉದ್ರೇಕಗೊಳ್ಳುವುದಿಲ್ಲ. ಬೆಂಜೊಡಯಜೆಪಿನ್ ಅದೇ ಗ್ರಾಹಿಯ ಬೇರೊಂದು ಜಾಗದಲ್ಲಿ ಕುಳಿತು, ಬಾಗಿಲು ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ. ಗಾಬಾ ಇಲ್ಲದಿದ್ದರೆ ಅದು ತಾನಾಗಿ ಬಾಗಿಲು ತೆರೆಯಲಾರದು. ಹಳೆಯ ಬಾರ್ಬಿಚುರೇಟ್‌ಗಳಿಗೆ ಹೋಲಿಸಿದರೆ ಇವು ಸುರಕ್ಷಿತ ಎನ್ನಿಸಿಕೊಂಡಿರುವುದಕ್ಕೆ ಇದೇ ಮುಖ್ಯ ಕಾರಣ. ಆದರೆ ಮದ್ಯ ಅಥವಾ ಅಫೀಮು ವರ್ಗದ ನೋವುನಿವಾರಕಗಳು ಜೊತೆಗೂಡಿದರೆ ಈ ಸುರಕ್ಷತೆ ಉಳಿಯುವುದಿಲ್ಲ. ಉಸಿರಾಟ ಅಪಾಯದ ಮಟ್ಟಕ್ಕೆ ಕುಂಠಿತವಾಗಬಹುದು. ಈ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಪ್ರಕಟಿಸಿತು.

ಶಮನಕ್ಕೆ ಹಂತಗಳಿವೆ. ಕನಿಷ್ಠ ಶಮನದಲ್ಲಿ ರೋಗಿ ಮಾತಿಗೆ ಸಹಜವಾಗಿ ಉತ್ತರಿಸುತ್ತಾನೆ. ಮಧ್ಯಮ ಶಮನದಲ್ಲಿ ಮಾತಿಗೆ ಅಥವಾ ಮೆಲುವಾಗಿ ತಟ್ಟಿದರೆ ಸ್ಪಂದಿಸುತ್ತಾನೆ. ಗಾಢ ಶಮನದಲ್ಲಿ ಪದೇ ಪದೇ ಕರೆದರೆ ಅಥವಾ ನೋವಾಗುವಂತೆ ಮಾಡಿದರೆ ಮಾತ್ರ ಪ್ರತಿಕ್ರಿಯೆ. ಅದರಾಚೆಗಿನದು ಪೂರ್ಣ ಅರಿವಳಿಕೆ. ಇವುಗಳ ನಡುವೆ ಗೋಡೆಗಳಿಲ್ಲ. ಇದು ಮೆಟ್ಟಿಲಲ್ಲ, ಇಳಿಜಾರು. ಒಬ್ಬರನ್ನು ಕನಿಷ್ಠ ಹಂತದಲ್ಲಿ ಇರಿಸುವ ಪ್ರಮಾಣವೇ ಇನ್ನೊಬ್ಬರನ್ನು ಮಧ್ಯಮ ಹಂತಕ್ಕೆ ಒಯ್ಯಬಹುದು. ‘ನಿದ್ದೆ’ ಎಂಬ ಪದ ಈ ಇಳಿಜಾರನ್ನು ಮರೆಮಾಡುತ್ತದೆ. ನಿದ್ರಿಸುತ್ತಿರುವವರನ್ನು ಕರೆದು ಎಬ್ಬಿಸಬಹುದು. ಗಾಢ ಶಮನಕ್ಕೆ ಜಾರಿದವರು ಹಾಗೆ ಏಳುವುದಿಲ್ಲ, ತಮ್ಮ ಉಸಿರಿನ ದಾರಿಯನ್ನು ತಾವೇ ಕಾಪಾಡಿಕೊಳ್ಳಲಾರದ ಸ್ಥಿತಿಯೂ ಬರಬಹುದು. ದಂತವೈದ್ಯರು ಕೆಲಸ ಮಾಡುವ ಜಾಗವೂ ಅದೇ ಉಸಿರಿನ ದಾರಿಯ ಬಾಗಿಲು ಎಂಬುದನ್ನು ಮರೆಯಬಾರದು. ನೀರು, ಎಂಜಲು, ರಕ್ತ, ಹಲ್ಲಿನ ಚೂರು ಎಲ್ಲವೂ ಅಲ್ಲೇ ಇರುತ್ತವೆ.

ಎರಡು ತೊಟ್ಟಿಗಳ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಮೆರಿಕದ ಕೆಲವು ದಂತವೈದ್ಯರಲ್ಲಿ ಒಂದು ಪದ್ಧತಿ ಹರಡಿತು: ಟ್ರಯಜೋಲಾಮ್‌ನ ಒಂದು ಮಾತ್ರೆ ಕೊಟ್ಟು ಸ್ವಲ್ಪ ಹೊತ್ತು ಕಾಯುವುದು, ಸಾಲದೆನಿಸಿದರೆ ಇನ್ನೊಂದು, ಆಮೇಲೆ ಮತ್ತೊಂದು. ನಾವು ಪ್ರಯೋಗಾಲಯದಲ್ಲಿ ಬ್ಯುರೆಟ್‌ನಿಂದ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಬಣ್ಣ ಬದಲಾಗುವ ಬಿಂದುವನ್ನು ಹಿಡಿಯುತ್ತೇವಲ್ಲ, ಅದೇ ‘ಟೈಟ್ರೇಷನ್’ ಎಂಬ ಹೆಸರನ್ನು ಇದಕ್ಕೂ ಇಡಲಾಯಿತು. ಈ ಹೋಲಿಕೆ ಸರಿಯೇ?

ಟೈಟ್ರೇಷನ್‌ಗೆ ಒಂದು ಷರತ್ತಿದೆ. ಒಂದು ಹನಿಯ ಪರಿಣಾಮ ಮುಂದಿನ ಹನಿ ಬೀಳುವ ಮೊದಲೇ ಪೂರ್ಣವಾಗಿ ಕಾಣಬೇಕು. ಮಾತ್ರೆಯಲ್ಲಿ ಹಾಗಾಗುತ್ತದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಹೊಟ್ಟೆ ಮತ್ತು ಕರುಳನ್ನು ಒಂದು ತೊಟ್ಟಿ ಎಂದೂ, ರಕ್ತವನ್ನು ಒಳಗೊಂಡ ಉಳಿದ ದೇಹವನ್ನು ಎರಡನೆಯ ತೊಟ್ಟಿ ಎಂದೂ ಭಾವಿಸಿ. ಔಷಧಿ ಮೊದಲ ತೊಟ್ಟಿಯಿಂದ ಎರಡನೆಯದಕ್ಕೆ ಹರಿಯುತ್ತದೆ. ಎರಡನೆಯದರಿಂದ ಯಕೃತ್ತಿನ ಮೂಲಕ ಹೊರಹೋಗುತ್ತದೆ. ಎರಡೂ ಹರಿವುಗಳಿಗೆ ಒಂದೊಂದು ಅರ್ಧಾಯು ಇದೆ. ಪದವಿ ತರಗತಿಯ ವಿದ್ಯಾರ್ಥಿಗಳು ಇದನ್ನು ತಕ್ಷಣ ಗುರುತಿಸುತ್ತಾರೆ. ವಿಕಿರಣಶೀಲ ಸರಣಿಯಲ್ಲಿ ಮಾತೃ ಪರಮಾಣು ಪುತ್ರಿ ಪರಮಾಣುವಾಗಿ, ಪುತ್ರಿ ಮತ್ತೆ ಕ್ಷಯಿಸುವ ಸಮೀಕರಣವೂ ಇದೇ. 1910ರಲ್ಲಿ ಹ್ಯಾರಿ ಬೇಟ್‌ಮನ್ ಕೊಟ್ಟ ಪರಿಹಾರವನ್ನು ಔಷಧವಿಜ್ಞಾನಿಗಳು ಇಂದಿಗೂ ಅವರ ಹೆಸರಿನಲ್ಲೇ ಬಳಸುತ್ತಾರೆ.

ಲೆಕ್ಕಕ್ಕಾಗಿ ಹೀರಿಕೆಯ ಅರ್ಧಾಯು 20 ನಿಮಿಷ, ಹೊರಹೋಗುವ ಅರ್ಧಾಯು 3 ಗಂಟೆ ಎಂದಿಟ್ಟುಕೊಳ್ಳೋಣ. ಟ್ರಯಜೋಲಾಮ್‌ನ ಅರ್ಧಾಯು 1.5ರಿಂದ 5.5 ಗಂಟೆಗಳ ನಡುವೆ ಇರುವುದರಿಂದ 3 ಗಂಟೆ ಎಂಬುದು ಅಸಹಜ ಸಂಖ್ಯೆಯಲ್ಲ. ಒಂದು ಮಾತ್ರೆಯ ಔಷಧಿಯನ್ನು 100 ಮಾನ ಎನ್ನೋಣ. ಆಗ ಎರಡನೆಯ ತೊಟ್ಟಿಯಲ್ಲಿ 20 ನಿಮಿಷಕ್ಕೆ 48, 30 ನಿಮಿಷಕ್ಕೆ 60 ಮಾನ ಇರುತ್ತದೆ. ಗರಿಷ್ಠ ಮಟ್ಟವಾದ 76 ತಲಪುವುದು ಸುಮಾರು 71ನೆಯ ನಿಮಿಷದಲ್ಲಿ. ಆಮೇಲೆ ನಿಧಾನವಾಗಿ ಇಳಿದು 3 ಗಂಟೆಯ ಹೊತ್ತಿಗೆ 56 ಆಗುತ್ತದೆ.

ಈಗ ಅರ್ಧ ಗಂಟೆಗೊಮ್ಮೆ ನೋಡಿ, ‘ಸಾಲದು’ ಎಂದು ಅಷ್ಟೇ ಪ್ರಮಾಣದ ಮಾತ್ರೆ ಕೊಡುತ್ತ ಹೋದರೆ ಏನಾಗುತ್ತದೆ? ಮೊದಲ ಮಾತ್ರೆ 0 ನಿಮಿಷಕ್ಕೆ, ಎರಡನೆಯದು 30ಕ್ಕೆ, ಮೂರನೆಯದು 60ಕ್ಕೆ. ಮೂರನೆಯದನ್ನು ಕೊಡುವ ಕ್ಷಣದಲ್ಲಿ ರೋಗಿಯ ದೇಹದಲ್ಲಿರುವುದು 136 ಮಾನ. ವೈದ್ಯರು ರೋಗಿಯನ್ನು ನೋಡಿ ನಿರ್ಧರಿಸಿದ್ದು ಈ 136ರ ಆಧಾರದ ಮೇಲೆ. ಆದರೆ ಮಟ್ಟ ಅಲ್ಲಿಗೆ ನಿಲ್ಲುವುದಿಲ್ಲ. ಸುಮಾರು 115ನೆಯ ನಿಮಿಷದಲ್ಲಿ 220 ತಲಪುತ್ತದೆ. ಕೊನೆಯ ನಿರ್ಧಾರವಾಗಿ ಐವತ್ತೈದು ನಿಮಿಷಗಳ ನಂತರ, ಬಹುಶಃ ಬಾಯೊಳಗೆ ಕೆಲಸ ನಡೆಯುತ್ತಿರುವಾಗ, ರೋಗಿ ಅತಿ ಹೆಚ್ಚು ಮಂಪರಿನಲ್ಲಿರುತ್ತಾನೆ.

ಇನ್ನೂ ಒಂದು ಸಂಖ್ಯೆಯನ್ನು ನೋಡಿ. ಮೊದಲ ಮಾತ್ರೆ ನುಂಗಿ 4 ಗಂಟೆಗಳಾದ ಮೇಲೆ, ಚಿಕಿತ್ಸೆ ಮುಗಿದು ರೋಗಿ ಮನೆಗೆ ಹೊರಡುವ ಹೊತ್ತಿಗೆ, ದೇಹದಲ್ಲಿ ಇನ್ನೂ 151 ಮಾನ ಇರುತ್ತದೆ. ಮೂರನೆಯ ಮಾತ್ರೆಯನ್ನು ನಿರ್ಧರಿಸಿದ ಕ್ಷಣದಲ್ಲಿ ಇದ್ದುದಕ್ಕಿಂತ ಇದು ಹೆಚ್ಚು. ಒಂದೇ ಮಾತ್ರೆಯ ಗರಿಷ್ಠ ಮಟ್ಟದ ಎರಡರಷ್ಟು.

ಇದು ತರಗತಿಗಾಗಿ ಸರಳಗೊಳಿಸಿದ ಮಾದರಿ ಎಂಬುದನ್ನು ಒತ್ತಿ ಹೇಳಬೇಕು. ನಿಜವಾದ ದೇಹದಲ್ಲಿ ಔಷಧಿ ಕೊಬ್ಬು, ಸ್ನಾಯುಗಳಿಗೆ ಹಂಚಿಹೋಗುತ್ತದೆ. ರಕ್ತದ ಮಟ್ಟಕ್ಕೂ ಮಿದುಳಿನ ಪರಿಣಾಮಕ್ಕೂ ನೇರ ಅನುಪಾತವಿಲ್ಲ. ಆದರೂ ಮಾದರಿ ತೋರಿಸುವ ಮುಖ್ಯ ಸಂಗತಿ ಬದಲಾಗುವುದಿಲ್ಲ. ಕಾರಣ ಮತ್ತು ಕಾರ್ಯದ ನಡುವೆ ವಿಳಂಬವಿದ್ದಾಗ, ವಿಳಂಬಕ್ಕಿಂತ ಬೇಗ ಬೇಗ ನಿರ್ಧಾರ ಕೈಗೊಂಡರೆ ವ್ಯವಸ್ಥೆ ಗುರಿಯನ್ನು ದಾಟಿಹೋಗುತ್ತದೆ. ಮಹಡಿಯ ಮೇಲಿನ ಸೋಲಾರ್ ಹೀಟರ್‌ನಿಂದ ಬಚ್ಚಲಿಗೆ ಬಿಸಿನೀರು ಬರುವುದು ತಡವಾದಾಗ ನಲ್ಲಿಯನ್ನು ತಿರುಗಿಸುತ್ತ ಹೋಗಿ ಕೊನೆಗೆ ಕೈ ಸುಟ್ಟುಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಲ್ಲಿಯನ್ನಾದರೂ ಹಿಂದಕ್ಕೆ ತಿರುಗಿಸಬಹುದು. ನುಂಗಿದ ಮಾತ್ರೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಫ್ಲುಮಾಜೆನಿಲ್ ಎಂಬ ಪ್ರತಿವಿಷವಿದೆ ನಿಜ. ಅದರ ಅರ್ಧಾಯು ಸುಮಾರು ಒಂದೇ ಗಂಟೆ. ಅದರ ಪ್ರಭಾವ ಮುಗಿದಾಗ ಶಾಮಕ ಇನ್ನೂ ಉಳಿದಿದ್ದರೆ ರೋಗಿ ಮತ್ತೆ ಮಂಪರಿಗೆ ಜಾರಬಹುದು.

ಅಮೆರಿಕದ ದಂತವೈದ್ಯ ಸಂಘ 2007ರ ತನ್ನ ಮಾರ್ಗಸೂಚಿಯಲ್ಲಿ, ಕನಿಷ್ಠ ಶಮನದಲ್ಲಿ ಪೂರಕ ಪ್ರಮಾಣವೊಂದನ್ನು ಕೊಡುವುದಾದರೆ ಅದು ಮೊದಲಿನದರ ಅರ್ಧವನ್ನು ಮೀರಬಾರದು, ಮೊದಲ ಪ್ರಮಾಣದ ಅರ್ಧಾಯು ಕಳೆಯುವವರೆಗೆ ಕೊಡಬಾರದು, ದಿನದ ಒಟ್ಟು ಪ್ರಮಾಣ ಶಿಫಾರಸಾದ ಗರಿಷ್ಠದ ಒಂದೂವರೆ ಪಟ್ಟನ್ನು ಮೀರಬಾರದು ಎಂದಿತು. ಈ ನಿಯಮವನ್ನು ನಮ್ಮ ಮಾದರಿಯಲ್ಲೇ ಪರೀಕ್ಷಿಸಿ ನೋಡಿ. 3 ಗಂಟೆಯ ನಂತರ 50 ಮಾನದ ಪೂರಕ ಪ್ರಮಾಣ ಕೊಟ್ಟರೆ ಹೊಸ ಗರಿಷ್ಠ ಮಟ್ಟ ಸುಮಾರು 83 ಆಗುತ್ತದೆ. ಮೊದಲ ಗರಿಷ್ಠವಾದ 76ಕ್ಕಿಂತ ಇದು ಅಲ್ಪ ಹೆಚ್ಚು ಮಾತ್ರ. ನಿಯಮದ ಹಿಂದೆ ಒಳ್ಳೆಯ ಗಣಿತವಿದೆ. 2016ರ ಪರಿಷ್ಕರಣೆಯಲ್ಲಿ ಸಂಘ ಇನ್ನೂ ಮುಂದೆ ಹೋಗಿ, ಒಂದು ಭೇಟಿಯಲ್ಲಿ ಗರಿಷ್ಠ ಶಿಫಾರಸನ್ನು ಮೀರಿ ಬಾಯಿಯ ಮೂಲಕ ಕೊಟ್ಟರೆ ಅದನ್ನು ಮಧ್ಯಮ ಶಮನವೆಂದೇ ಪರಿಗಣಿಸಬೇಕು ಎಂದಿತು. ಅಂದರೆ ಅದಕ್ಕೆ ತಕ್ಕ ತರಬೇತಿ, ಉಪಕರಣ, ಸಿಬ್ಬಂದಿ ಎಲ್ಲವೂ ಇರಬೇಕು.

ಒಂದೇ ಮಾತ್ರೆ, ಬೇರೆ ಬೇರೆ ದೇಹ

ಮೇಲಿನ ಲೆಕ್ಕದಲ್ಲಿ ಎರಡೂ ಅರ್ಧಾಯುಗಳನ್ನು ನಾವೇ ಊಹಿಸಿಕೊಂಡೆವು. ವೈದ್ಯರ ಮುಂದಿರುವ ರೋಗಿಯಲ್ಲಿ ಅವು ಎಷ್ಟು ಎಂಬುದನ್ನು ಯಾರೂ ಅಳೆದಿರುವುದಿಲ್ಲ. ಡಯಜೆಪಾಮ್‌ನ ಮಟ್ಟ ಗರಿಷ್ಠಕ್ಕೇರಲು ಸರಾಸರಿ 1ರಿಂದ 1.5 ಗಂಟೆ ಸಾಕು; ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇದು 15 ನಿಮಿಷದಿಂದ 2.5 ಗಂಟೆಯವರೆಗೆ ವ್ಯತ್ಯಾಸವಾಗಬಹುದು. ಎಣ್ಣೆ, ತುಪ್ಪದ ಊಟದ ಮೇಲೆ ನುಂಗಿದರೆ ಇನ್ನಷ್ಟು ತಡ. ಅದರ ಅರ್ಧಾಯು 48 ಗಂಟೆಗಳವರೆಗೂ, ಅದರಿಂದ ದೇಹದಲ್ಲಿ ಉಂಟಾಗುವ ಇನ್ನೊಂದು ಸಕ್ರಿಯ ವಸ್ತುವಿನ ಅರ್ಧಾಯು 100 ಗಂಟೆಗಳವರೆಗೂ ಇರಬಹುದು. ವಯಸ್ಸಾದವರಲ್ಲಿ ಮಂಪರು ಮಾರನೆಯ ದಿನವೂ ಉಳಿದು, ಎಡವಿ ಬೀಳುವ ಅಪಾಯವಿರುವುದು ಇದರಿಂದಲೇ.

ಟ್ರಯಜೋಲಾಮ್, ಮಿಡಜೋಲಾಮ್‌ಗಳನ್ನು ಒಡೆಯುವುದು ಕರುಳು ಮತ್ತು ಯಕೃತ್ತಿನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ. ಬಾಯಿಯ ಮೂಲಕ ಕೊಟ್ಟ ಮಿಡಜೋಲಾಮ್‌ನ ದೊಡ್ಡ ಪಾಲು ರಕ್ತಪರಿಚಲನೆಯನ್ನು ಸೇರುವ ಮೊದಲೇ ಈ ಕಿಣ್ವಕ್ಕೆ ಆಹುತಿಯಾಗುತ್ತದೆ. ಆ ಕಿಣ್ವವನ್ನು ಬೇರಾವುದಾದರೂ ವಸ್ತು ತಡೆದರೆ, ನಷ್ಟವಾಗಬೇಕಿದ್ದ ಪಾಲೂ ರಕ್ತಕ್ಕೆ ಸೇರುತ್ತದೆ. ಶಿಲೀಂಧ್ರದ ಸೋಂಕಿಗೆ ಕೊಡುವ ಕೀಟೋಕೊನಜೋಲ್, ಇಟ್ರಾಕೊನಜೋಲ್; ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಎಂಬ ಪ್ರತಿಜೈವಿಕಗಳು; ಕಡೆಗೆ ನಮ್ಮ ಚಕ್ಕೋತದ ಬಳಗಕ್ಕೆ ಸೇರಿದ ಗ್ರೇಪ್‌ಫ್ರೂಟ್ ಹಣ್ಣಿನ ರಸ ಕೂಡ ಹೀಗೆ ತಡೆಯಬಲ್ಲವು. ರೋಗಿ ಈಗಾಗಲೇ ಏನೇನು ಸೇವಿಸುತ್ತಿದ್ದಾನೆ ಎಂಬ ಪ್ರಶ್ನೆ ಔಪಚಾರಿಕತೆಯಲ್ಲ. ಅದು ಪ್ರಮಾಣದ ಲೆಕ್ಕದ ಒಂದು ಭಾಗ.

ಇದಕ್ಕೆ ಎದುರಾಗಿ ನೈಟ್ರಸ್ ಆಕ್ಸೈಡ್ ಅನಿಲವನ್ನು ನೋಡಿ. ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್ 11ರಂದು ಈ ಅನಿಲವನ್ನು ಸೇವಿಸಿ ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. ಈ ಅನಿಲ ರಕ್ತದಲ್ಲಿ ಕರಗುವುದು ಬಹಳ ಕಡಿಮೆ. ರಕ್ತ ಮತ್ತು ಗಾಳಿಯ ನಡುವಿನ ಹಂಚಿಕೆಯ ಗುಣಾಂಕ 0.47. ಆದ್ದರಿಂದ ಉಸಿರಿನೊಡನೆ ಬೇಗ ಮೇಲೇರಿ, ನಿಲ್ಲಿಸಿದೊಡನೆ ಉಸಿರಿನೊಡನೆಯೇ ಬೇಗ ಹೊರಹೋಗುತ್ತದೆ. ಇಲ್ಲಿ ವಿಳಂಬ ಕೆಲವೇ ನಿಮಿಷ. ರಕ್ತನಾಳಕ್ಕೆ ಸ್ವಲ್ಪ ಸ್ವಲ್ಪವಾಗಿ ಚುಚ್ಚುವ ವಿಧಾನದಲ್ಲೂ ವಿಳಂಬ ಅಲ್ಪ. ‘ಟೈಟ್ರೇಷನ್’ ಎಂಬ ಮಾತು ಈ ಎರಡಕ್ಕೆ ಒಪ್ಪುತ್ತದೆ. ವಿಪರ್ಯಾಸವೆಂದರೆ, ನೋಡಲು ಅತ್ಯಂತ ಸೌಮ್ಯವಾಗಿ ಕಾಣುವ ಮಾತ್ರೆಯೇ ನಿಯಂತ್ರಣಕ್ಕೆ ಅತ್ಯಂತ ಕಷ್ಟವಾದುದು.

ಉಪಕರಣಗಳು ಕಾಣುವುದೇನು?

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಈಗ ಎಲ್ಲರಿಗೂ ಪರಿಚಿತ. ಜಪಾನಿನ ತಕುವೊ ಅಯೊಯಾಗಿ 1974ರಲ್ಲಿ ರೂಪಿಸಿದ ತತ್ತ್ವ ಇದರ ಹಿಂದಿದೆ. ಸುಮಾರು 660 ಮತ್ತು 940 ನ್ಯಾನೊಮೀಟರ್ ತರಂಗಾಂತರದ ಎರಡು ಬೆಳಕುಗಳು ಬೆರಳಿನ ಮೂಲಕ ಹಾಯುವಾಗ ಎಷ್ಟೆಷ್ಟು ಹೀರಲ್ಪಟ್ಟವು ಎಂಬುದರಿಂದ, ಹೀಮೋಗ್ಲೋಬಿನ್ ಆಕ್ಸಿಜನ್‌ನಿಂದ ಎಷ್ಟು ತುಂಬಿದೆ ಎಂಬುದನ್ನು ಅದು ತಿಳಿಸುತ್ತದೆ. ಆದರೆ ರೋಗಿ ಉಸಿರಾಡುತ್ತಿದ್ದಾನೆಯೇ ಎಂಬ ಪ್ರಶ್ನೆಗೆ ಅದು ನೇರ ಉತ್ತರ ಕೊಡುವುದಿಲ್ಲ. ಉಸಿರು ನಿಂತರೂ ಶ್ವಾಸಕೋಶದಲ್ಲಿ ಉಳಿದಿರುವ ಆಕ್ಸಿಜನ್ ಸ್ವಲ್ಪ ಹೊತ್ತು ರಕ್ತವನ್ನು ತುಂಬುತ್ತಿರುತ್ತದೆ. ಹೆಚ್ಚುವರಿ ಆಕ್ಸಿಜನ್ ಕೊಟ್ಟಿದ್ದರೆ ಇನ್ನೂ ಹೆಚ್ಚು ಹೊತ್ತು. ಇಲ್ಲೂ ಅದೇ ವಿಳಂಬ! ಮಕ್ಕಳಲ್ಲಿ ಈ ಉಳಿತಾಯ ಕಡಿಮೆ, ಬಳಕೆ ಹೆಚ್ಚು. ಆದ್ದರಿಂದ ಇಳಿಯಲು ತೊಡಗಿದರೆ ವೇಗವಾಗಿ ಇಳಿಯುತ್ತದೆ. ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅವಕೆಂಪು ಕಿರಣಗಳ ಹೀರಿಕೆಯಿಂದ ಅಳೆಯುವ ಕ್ಯಾಪ್ನೊಗ್ರಾಫ್, ಉಸಿರು ನಿಂತುದನ್ನು ಮುಂದಿನ ಉಸಿರಿನಲ್ಲೇ ತೋರಿಸುತ್ತದೆ. ಮಧ್ಯಮ ಶಮನದಲ್ಲಿ ಇದನ್ನು ಬಳಸಬೇಕೆಂದು 2016ರ ಮಾರ್ಗಸೂಚಿ ಹೇಳಿರುವುದು ಇದೇ ಕಾರಣಕ್ಕೆ.

ಸಾಕ್ಷ್ಯಾಧಾರಗಳ ತೂಕ

ಮಾತ್ರೆ ಫಲ ಕೊಡುತ್ತದೆಯೇ? ಮಕ್ಕಳ ಬಗೆಗೆ ಈ ಪ್ರಶ್ನೆಗೆ ದೊರೆಯುವ ವ್ಯವಸ್ಥಿತ ಉತ್ತರಗಳಲ್ಲಿ ಮುಖ್ಯವಾದುದು 2018ರ ಕಾಕ್ರೇನ್ ವಿಮರ್ಶೆ. ಅದು 50 ಅಧ್ಯಯನಗಳನ್ನು, ಒಟ್ಟು 3704 ಮಕ್ಕಳನ್ನು ಒಳಗೊಂಡಿತ್ತು. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ಅವುಗಳಲ್ಲಿ ಬಳಸಿದ್ದ ಶಾಮಕಗಳು 34 ಬಗೆಯವು. ಪ್ರಮಾಣ, ಕೊಟ್ಟ ಸಮಯ ಎಲ್ಲವೂ ಬೇರೆ ಬೇರೆ. 50ರಲ್ಲಿ 40 ಅಧ್ಯಯನಗಳು ಪಕ್ಷಪಾತದ ಹೆಚ್ಚಿನ ಸಂಭವವುಳ್ಳವು, 9 ಅಸ್ಪಷ್ಟ. ಪಕ್ಷಪಾತದ ಸಂಭವ ಕಡಿಮೆ ಎನ್ನಬಹುದಾಗಿದ್ದುದು ಒಂದೇ ಒಂದು. ಮಕ್ಕಳ ವರ್ತನೆಯ ಬಗ್ಗೆ ಕೊನೆಗೆ ಒಟ್ಟುಗೂಡಿಸಲು ಸಾಧ್ಯವಾದದ್ದು ಬಾಯಿಯ ಮೂಲಕ ಕೊಟ್ಟ ಮಿಡಜೋಲಾಮನ್ನು ಹುಸಿಮಾತ್ರೆಯೊಡನೆ ಹೋಲಿಸಿದ 6 ಸಣ್ಣ ಅಧ್ಯಯನಗಳನ್ನು ಮಾತ್ರ. ಅವುಗಳಲ್ಲಿ ಇದ್ದವರು 202 ಮಕ್ಕಳು. ಫಲಿತಾಂಶ ಮಿಡಜೋಲಾಮ್ ಪರವಾಗಿದೆ. ವ್ಯತ್ಯಾಸ ಮಾನಕ ವಿಚಲನೆಯ 1.96 ಪಟ್ಟು. ಇದು ಕಡಿಮೆಯೇನಲ್ಲ.

ಆದರೆ ಇಲ್ಲಿ ಅಳೆದದ್ದೇನು ಎಂದು ಕೇಳಿ. ಅಳೆದದ್ದು ಮಗುವಿನ ವರ್ತನೆಯನ್ನು: ಅತ್ತಿತೇ, ಕೊಸರಿತೇ, ಬಾಯಿ ತೆರೆಯಿತೇ ಎಂಬುದನ್ನು. ಮಗು ಸುಮ್ಮನಿರುವುದಕ್ಕೂ ಮಗುವಿಗೆ ಭಯವಿಲ್ಲದಿರುವುದಕ್ಕೂ ಸಂಬಂಧವಿದೆಯಾದರೂ ಅವೆರಡೂ ಒಂದೇ ಅಲ್ಲ.

ವಯಸ್ಕರ ಭಯವನ್ನು ಅಳೆಯಲು 1969ರಲ್ಲಿ ನಾರ್ಮನ್ ಕೋರಾ ನಾಲ್ಕು ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ನಾಳೆ ದಂತವೈದ್ಯರ ಬಳಿ ಹೋಗಬೇಕೆಂದರೆ ಹೇಗನ್ನಿಸುತ್ತದೆ, ಸರದಿಗಾಗಿ ಕಾಯುವಾಗ ಹೇಗನ್ನಿಸುತ್ತದೆ ಎಂಬಂಥ ಪ್ರಶ್ನೆಗಳಿಗೆ 1ರಿಂದ 5 ಅಂಕ. 1995ರ ಪರಿಷ್ಕೃತ ರೂಪದಲ್ಲಿ ಚುಚ್ಚುಮದ್ದಿನ ಬಗ್ಗೆ ಐದನೆಯ ಪ್ರಶ್ನೆ ಸೇರಿತು. ಒಟ್ಟು 25ರಲ್ಲಿ 19 ಅಥವಾ ಹೆಚ್ಚು ಬಂದರೆ ತೀವ್ರ ಭಯ ಎಂದು ಪರಿಗಣಿಸುತ್ತಾರೆ. ಇದು ಉಪಯುಕ್ತ ಸಾಧನ. ಆದರೆ ಇದು ಉಷ್ಣತಾಮಾಪಕವಲ್ಲ. 20 ಅಂಕದ ಭಯ 10 ಅಂಕದ ಭಯದ ಎರಡರಷ್ಟು ಎನ್ನುವಂತಿಲ್ಲ. 8ರಿಂದ 10ಕ್ಕೂ 18ರಿಂದ 20ಕ್ಕೂ ಇರುವ ಅಂತರ ಸಮ ಎನ್ನುವಂತೆಯೂ ಇಲ್ಲ. ಹೆಚ್ಚು, ಕಡಿಮೆ ಎಂಬ ಕ್ರಮವನ್ನಷ್ಟೇ ಇದು ಹೇಳುತ್ತದೆ. ‘ಭಯ ಶೇಕಡ ಇಷ್ಟು ಇಳಿಯಿತು’ ಎಂಬ ವಾಕ್ಯ ಕಂಡಾಗ ವಿದ್ಯಾರ್ಥಿಗಳು ಇದನ್ನು ನೆನಪಿಸಿಕೊಳ್ಳಬೇಕು.

ಅಪಾಯದ ಅಂಕಿಅಂಶಗಳನ್ನೂ ಇದೇ ಎಚ್ಚರದಿಂದ ಓದಬೇಕು. ಅಮೆರಿಕದಲ್ಲಿ ದಂತಚಿಕಿತ್ಸೆಗಾಗಿ ಶಾಮಕ ಅಥವಾ ಅರಿವಳಿಕೆ ಪಡೆದು ಸತ್ತ ಮಕ್ಕಳ ಬಗ್ಗೆ 1980ರಿಂದ 2011ರವರೆಗಿನ ಮಾಧ್ಯಮ ವರದಿಗಳನ್ನು ಕಲೆಹಾಕಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 44 ಪ್ರಕರಣಗಳಿದ್ದವು. ಅವರಲ್ಲಿ 21 ಮಕ್ಕಳು 2ರಿಂದ 5 ವರ್ಷದವರು. ಇದು ಭಿನ್ನರಾಶಿಯ ಅಂಶ ಮಾತ್ರ. ಒಟ್ಟು ಎಷ್ಟು ಮಕ್ಕಳಿಗೆ ಶಾಮಕ ನೀಡಲಾಗಿತ್ತು ಎಂಬ ಛೇದ ಅದರಲ್ಲಿಲ್ಲ; ಪತ್ರಿಕೆಗೆ ಬಾರದ ಸಾವುಗಳು ಅಂಶದಲ್ಲೂ ಇಲ್ಲ. ಆದ್ದರಿಂದ ಅದರಿಂದ ‘ಲಕ್ಷಕ್ಕೆ ಇಷ್ಟು’ ಎಂಬ ದರ ಹೊರಡುವುದಿಲ್ಲ. ಆದರೆ ಯಾವ ವಯಸ್ಸಿನವರ ಬಗ್ಗೆ ಹೆಚ್ಚು ಎಚ್ಚರ ಬೇಕೆಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಮಕ್ಕಳಿಗೆ ಶಾಮಕವನ್ನು ಮನೆಯಲ್ಲೇ ಕೊಟ್ಟು ಕರೆತರಬಾರದು, ವೈದ್ಯಕೀಯ ಮೇಲ್ವಿಚಾರಣೆಯಲ್ಲೇ ಕೊಡಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಭಯ ಹೋಯಿತೇ, ಮುಂದಕ್ಕೆ ಹೋಯಿತೇ?

ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇಲ್ಲಿದೆ. ಮಾತ್ರೆಯಿಂದ ಆ ದಿನದ ಚಿಕಿತ್ಸೆ ನಡೆಯುತ್ತದೆ ಎಂದು ಒಪ್ಪೋಣ. ಮುಂದಿನ ಸಲ?

ಜರ್ಮನಿಯಲ್ಲಿ ಥಾಮ್, ಸಾರ್ಟೊರಿ ಮತ್ತು ಯೋರೆನ್ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಯನ್ನು ಕೇಳಿತು. ದಂತಚಿಕಿತ್ಸೆಯ ಬಗ್ಗೆ ತೀವ್ರ ಭಯವಿದ್ದ 50 ಜನರನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಒಂದೇ ಒಂದು ಬೈಠಕ್ಕಿನ ಮಾನಸಿಕ ತರಬೇತಿ, ಜೊತೆಗೆ ಒಂದು ವಾರ ಮನೆಯಲ್ಲಿ ಮಾಡಬೇಕಾದ ಅಭ್ಯಾಸ. ಎರಡನೆಯದಕ್ಕೆ ಶಸ್ತ್ರಚಿಕಿತ್ಸೆಗೆ 30 ನಿಮಿಷ ಮೊದಲು ಬೆಂಜೊಡಯಜೆಪಿನ್. ಮೂರನೆಯದಕ್ಕೆ ಎರಡೂ ಇಲ್ಲ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಮೊದಲ ಎರಡೂ ಗುಂಪುಗಳಲ್ಲಿ ಭಯ ಕಡಿಮೆಯಿತ್ತು. ಆ ದಿನ ಮಾತ್ರ ನೋಡಿದ್ದರೆ ಎರಡೂ ಉಪಾಯಗಳು ಫಲಿಸಿದವು ಎಂದು ವರದಿ ಬರೆದು ಮುಗಿಸಬಹುದಿತ್ತು. ಆದರೆ ಸಂಶೋಧಕರು ಎರಡು ತಿಂಗಳ ನಂತರವೂ ವಿಚಾರಿಸಿದರು. ಔಷಧಿ ಪಡೆದವರಲ್ಲಿ ಭಯ ಮರಳಿತ್ತು; ತರಬೇತಿ ಪಡೆದವರಲ್ಲಿ ಇನ್ನಷ್ಟು ಇಳಿದಿತ್ತು. ತರಬೇತಿ ಪಡೆದವರಲ್ಲಿ ಶೇಕಡ 70 ಮಂದಿ ಮುಂದಿನ ದಂತಚಿಕಿತ್ಸೆಯನ್ನು ಮುಂದುವರಿಸಿದರು. ಔಷಧಿ ಪಡೆದವರಲ್ಲಿ ಹಾಗೆ ಮಾಡಿದವರು ಶೇಕಡ 20, ಏನೂ ಪಡೆಯದವರಲ್ಲಿ ಶೇಕಡ 10.

ಐವತ್ತು ಜನರ ಅಧ್ಯಯನ ಚಿಕ್ಕದು. ಒಂದರಿಂದಲೇ ತೀರ್ಪು ಕೊಡಲಾಗದು. ಆದರೆ ಫಲಿತಾಂಶದ ದಿಕ್ಕನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಭಯ ಇಳಿಯಲು ‘ಕುಳಿತೆ, ಸಹಿಸಿದೆ, ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ’ ಎಂಬ ಅನುಭವ ನೆನಪಿನಲ್ಲಿ ಉಳಿಯಬೇಕು. ಬೆಂಜೊಡಯಜೆಪಿನ್‌ಗಳು ಹೊಸ ನೆನಪು ರೂಪುಗೊಳ್ಳುವುದನ್ನೇ ಮಂಕಾಗಿಸುತ್ತವೆ. ‘ಏನೂ ನೆನಪಿರುವುದಿಲ್ಲ’ ಎಂಬುದನ್ನು ಪ್ರಚಾರ ಗುಣವೆಂದು ಹೇಳುತ್ತದೆ. ಕೆಟ್ಟ ಅನುಭವ ನೆನಪಿರದಿರುವುದು ಗುಣವೇ. ಆದರೆ ಒಳ್ಳೆಯ ಅನುಭವವೂ ಅದರೊಡನೆ ಅಳಿಸಿಹೋಗುತ್ತದೆ. ವಿಷವರ್ತುಲವನ್ನು ಮಾತ್ರೆ ಮುರಿಯಿತೆಂದು ನಾವು ಭಾವಿಸುತ್ತೇವೆ. ಹಲವರಲ್ಲಿ ಅದು ಒಂದು ದಿನದ ಮಟ್ಟಿಗೆ ತಡೆದು ನಿಲ್ಲಿಸಿರುತ್ತದೆ.

ಹಾಗಾದರೆ ಮಾತ್ರೆ ಬೇಡವೇ? ಹಾಗೆ ಹೇಳುವುದು ನನ್ನ ಉದ್ದೇಶವಲ್ಲ. ಕೀವು ತುಂಬಿ ಮುಖ ಊದಿರುವ, ಕುರ್ಚಿಯ ಹತ್ತಿರವೂ ಬಾರದ ರೋಗಿಗೆ ತರಬೇತಿಗಾಗಿ ವಾರ ಕಾಯಿರಿ ಎನ್ನಲಾಗುವುದಿಲ್ಲ. ತರಬೇತಿ ಪಡೆದ ವೈದ್ಯರು ಒಂದೇ ನಿಗದಿತ ಪ್ರಮಾಣವನ್ನು ಕೊಟ್ಟು, ಸರಿಯಾಗಿ ಗಮನಿಸಿ, ಜೊತೆಗೊಬ್ಬರನ್ನು ಕೊಟ್ಟು ಮನೆಗೆ ಕಳುಹಿಸಿದರೆ ಅದು ನಿಜಕ್ಕೂ ಉಪಕಾರ. ಆಕ್ಷೇಪ ಇರುವುದು ಮೂರು ಪದಗಳಿಗೆ. ಅದು ‘ನಿದ್ದೆ’ಯಲ್ಲ, ಆಳ ತಿಳಿಯದ ಇಳಿಜಾರು. ಅದು ‘ಟೈಟ್ರೇಷನ್’ ಅಲ್ಲ, ವಿಳಂಬವುಳ್ಳ ವ್ಯವಸ್ಥೆಗೆ ಕುರುಡಾಗಿ ಸೇರಿಸುವ ಕ್ರಿಯೆ. ಅದು ಭಯದ ‘ಪರಿಹಾರ’ವಲ್ಲ, ಭಯಕ್ಕೆ ಕೊಟ್ಟ ಒಂದು ದಿನದ ರಜೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಲ್ಪ್ರಜೋಲಾಮ್, ಡಯಜೆಪಾಮ್, ಮಿಡಜೋಲಾಮ್‌ಗಳು ಭಾರತದಲ್ಲಿ ಎಚ್1 ಅನುಸೂಚಿಯಲ್ಲಿವೆ. 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಈ ನಿಯಮದಂತೆ ವೈದ್ಯರ ಚೀಟಿಯಿಲ್ಲದೆ ಇವುಗಳನ್ನು ಮಾರುವಂತಿಲ್ಲ. ಔಷಧಿ ಅಂಗಡಿಯವರು ಪ್ರತ್ಯೇಕ ದಾಖಲೆ ಇಟ್ಟು ಮೂರು ವರ್ಷ ಕಾಪಾಡಬೇಕು. ಆದರೆ ಮನೆಯ ಹಿರಿಯರಿಗಾಗಿ ತಂದ ನಿದ್ದೆ ಮಾತ್ರೆ ಕಪಾಟಿನಲ್ಲೇ ಇರುತ್ತದೆ. ‘ಅರ್ಧ ನುಂಗಿ ಹೋಗು, ಧೈರ್ಯ ಬರುತ್ತದೆ’ ಎನ್ನುವ ಹಿತೈಷಿಗಳಿಗೂ ಕೊರತೆಯಿಲ್ಲ. ಹಾಗೆ ಹೇಳದೆ ನುಂಗಿ ಹೋದವರಿಗೆ ವೈದ್ಯರು ಬೇರೆ ಔಷಧಿ ಕೊಟ್ಟರೆ ಏನಾಗಬಹುದೆಂಬುದನ್ನು, ಮೇಲಿನ ಲೆಕ್ಕವನ್ನು ಓದಿದ ನೀವು ಊಹಿಸಬಲ್ಲಿರಿ. ಹಾಗೆ ನುಂಗಿ ತಾವೇ ಸ್ಕೂಟರ್ ಓಡಿಸಿಕೊಂಡು ಬರುವವರ ವಿಷಯವನ್ನಂತೂ ಹೇಳುವುದೇ ಬೇಡ.

ಭಯವಿದ್ದರೆ ಅದನ್ನು ದಂತವೈದ್ಯರಿಗೆ ಮೊದಲೇ ಹೇಳಿ. ಕೈ ಎತ್ತಿದರೆ ಕೆಲಸ ನಿಲ್ಲಿಸುವಿರಾ ಎಂದು ಕೇಳಿ. ಮೊದಲ ಭೇಟಿಯಲ್ಲಿ ಪರೀಕ್ಷೆ ಮಾತ್ರ ಸಾಕು ಎಂದು ಕೋರಿ. ಶಾಮಕ ಕೊಡುವುದಾದರೆ ಯಾವುದು, ಎಷ್ಟು, ಅದರ ಅರ್ಧಾಯು ಎಷ್ಟು, ಉಸಿರಾಟವನ್ನು ಯಾರು ಗಮನಿಸುತ್ತಿರುತ್ತಾರೆ, ಮನೆಗೆ ಯಾವಾಗ ಕಳುಹಿಸುತ್ತೀರಿ ಎಂದು ಕೇಳಲು ಸಂಕೋಚಪಡಬೇಡಿ. ಈಗಾಗಲೇ ಸೇವಿಸುತ್ತಿರುವ ಔಷಧಿಗಳ ಪಟ್ಟಿಯನ್ನು ಬರೆದು ಒಯ್ಯಿರಿ.

ಅಧ್ಯಾಪಕರಿಗೆ ಒಂದು ಸಲಹೆ. ಎರಡು ತೊಟ್ಟಿಗಳ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಮಾಡಿಸಿ. ಹೀರಿಕೆಯ ಅರ್ಧಾಯುವನ್ನು 20ರ ಬದಲು 40 ನಿಮಿಷ ಎಂದಿಟ್ಟು, ಊಟದ ನಂತರ ನುಂಗಿದ ಮಾತ್ರೆಯ ಗರಿಷ್ಠ ಮಟ್ಟ ಯಾವಾಗ ಬರುತ್ತದೆ ಎಂದು ನಕ್ಷೆ ಬರೆಯಿಸಿ. ಅದರ ಮೇಲೆ ಅರ್ಧ ಗಂಟೆಗೊಂದು ಮಾತ್ರೆಯ ನಕ್ಷೆಯನ್ನೂ ಎಳೆಯಲಿ. ಎರಡೂ ಗೆರೆಗಳನ್ನು ಕಂಡ ವಿದ್ಯಾರ್ಥಿ ‘ಇನ್ನೊಂದು ನುಂಗಿದರೆ ಏನಾಯಿತು’ ಎಂಬ ಮಾತನ್ನು ಮುಂದೆ ಯಾವ ಔಷಧಿಯ ಬಗ್ಗೆಯೂ ಸುಲಭವಾಗಿ ಆಡಲಾರ.